ಗುಜರಿ ತಾಮ್ರದಲ್ಲಿ 70 ಎಂಬಿಪಿಎಸ್

ಬನಶಂಕರಿ ಕಡೆಯ ಹಳೇ ಅಪಾರ್ಟ್‌ಮೆಂಟು, 22 ಮನೆ. ಫೈಬರ್ ಎಳೆಯೋಕೆ ಬಂದ ಇಬ್ಬರು ಕೈಚೆಲ್ಲಿ ಹೋಗಿದ್ರು. ಗೋಡೆಯೊಳಗಿನ ಪೈಪಲ್ಲಿ ಸಿಮೆಂಟು ಕಟ್ಟಿಕೊಂಡಿತ್ತು, ಹೊರಗಿಂದ ವೈರು ಇಳಿಬಿಡೋಕೆ ಅಸೋಸಿಯೇಷನ್‌ನವರು ಒಪ್ಪಲಿಲ್ಲ. ಫೈಬರ್ ಬೇಸ್‌ಮೆಂಟಿಗೆ ಸಾಕು, ಅಲ್ಲಿಂದ ಮೇಲಕ್ಕೆ ಇರೋ ಫೋನ್ ವೈರಲ್ಲೇ ವೇಗದ ಇಂಟರ್ನೆಟ್ ಕಳಿಸೋ ವಿಡಿಎಸ್‌ಎಲ್2 ಹತ್ತಿಸ್ತೀನಿ ಅಂದೆ. "ಗುಜರಿಗೆ ಹಾಕೋ ತಾಮ್ರ ಸ್ವಾಮಿ ಅದು" ಅಂತ ಸೆಕ್ರೆಟರಿ ನಕ್ಕರು.

ಕೆಳಗೆ ಕೂತು ಎಲ್ಲಾ ಮನೆ ಲೈನಿಗೂ ಇಂಟರ್ನೆಟ್ ಹಂಚೋ, 24 ಪೋರ್ಟಿನ ಸೆಕೆಂಡ್ ಹ್ಯಾಂಡ್ ಡಿಸ್ಲ್ಯಾಮ್‌ಗೆ 30 ಸಾವಿರದ ಆಸುಪಾಸು ಬಿತ್ತು. ಮೋಡೆಮ್ ತಲಾ 700ರಂತೆ ಎಸ್.ಪಿ. ರೋಡಲ್ಲಿ ಗುಡ್ಡೆ ಲೆಕ್ಕದಲ್ಲಿ ತಂದೆ. ಐದಾರು ಸತ್ತವೇ ಇದ್ದವು, ಆ ದುಡ್ಡು ಹೊಳೇಲಿ ಹುಣಸೆಹಣ್ಣು.

ಮೊದಲ ಮನೇಲಿ ಬಂದಿದ್ದು 31 ಎಂಬಿಪಿಎಸ್. ಬೇಸ್‌ಮೆಂಟಿಂದ 60 ಮೀಟರೂ ಇಲ್ಲ! ನೋಡಿದ್ರೆ ಹಾಲು, ಬೆಡ್‌ರೂಮು, ಅಡುಗೆಮನೆ ಮೂರೂ ಕಡೆ ಪ್ಯಾರಲಲ್ ಫೋನ್ ಪಾಯಿಂಟು, ಅಂದ್ರೆ ಒಂದೇ ಲೈನಿಂದ ಕವಲೊಡೆದು ನೇತಾಡೋ ವೈರಿನ ಬಾಲ. ಇದಕ್ಕಿಂತ ಹಿಂದಿನ, ನಿಧಾನದ ಎಡಿಎಸ್‌ಎಲ್ ಕಾಲದಲ್ಲಿ ಫಿಲ್ಟರ್ ಸಿಕ್ಕಿಸಿ ಬರ್ತಿದ್ವಿ, ನಡೀತಿತ್ತು. 17 ಮೆಗಾಹರ್ಟ್ಸ್‌ವರೆಗೆ ಹೋಗೋ ಲೈನಿಗೆ 5 ಮೀಟರ್ ಬಾಲ ಇದ್ರೂ 10 ಮೆಗಾಹರ್ಟ್ಸ್ ಹತ್ತಿರ ಸಿಗ್ನಲ್ಲಿಗೆ ಗುಂಡಿ ಬೀಳುತ್ತೆ. ಬಾಲ ಕತ್ತರಿಸಿದೆ, 88 ಬಂತು.

ಆ ಖುಷಿ ಎಂಟನೇ ಮನೆವರೆಗೆ. ಎರಡನೇ ಮಹಡಿಯ ಅಜ್ಜಿ ಮನೆ ಮೋಡೆಮ್ ಆನ್ ಆದ್ರೆ ಎದುರು ಮನೆಯದ್ದು ಬೀಳುತ್ತೆ. ಮೆಗ್ಗರ್ (ಇನ್ಸುಲೇಷನ್ ಟೆಸ್ಟ್) ಸರಿ, ಲೂಪ್ (ತಂತಿ ತುಂಡಾಗಿದೆಯಾ ಅನ್ನೋ ಟೆಸ್ಟ್) ಸರಿ, ಫೋನ್ ಹಾಕಿದ್ರೆ ಗಂಟೆ ಹೊಡೆದ ಹಾಗೆ ಮಾತು. ಹತ್ತು ದಿನ ಡಿಸ್ಲ್ಯಾಮನ್ನೇ ಬೈದೆ. ಪವರ್ ಸಪ್ಲೈ ಬದಲಾಯಿಸಿ 6 ಸಾವಿರ ಕಳಕೊಂಡೆ. ಕೊನೆಗೆ ಸಿಕ್ಕಿದ್ದು ಸ್ಪ್ಲಿಟ್ ಪೇರ್. ಯಾವನೋ ಪುಣ್ಯಾತ್ಮ ಒಂದು ಜೋಡಿಯ ಒಂದೆಳೆಗೆ ಪಕ್ಕದ ಜೋಡಿಯ ಇನ್ನೊಂದೆಳೆ ಸೇರಿಸಿ ಕ್ರೋನಿಗೆ (ವೈರು ಒತ್ತಿ ಕೂರಿಸೋ ಪಟ್ಟಿ) ಒತ್ತಿದ್ದ. ಕೆಳಗೂ ಮೇಲೂ ಒಂದೇ ಥರ ಒತ್ತಿದ್ರಿಂದ ಮಾತಿಗೆ ತೊಂದರೆಯಿಲ್ಲ, ಆದ್ರೆ ಪಕ್ಕದ ಲೈನಿನ ಗದ್ದಲ ತಡೆಯೋ ವೈರಿನ ಹುರಿ ಇದ್ದೂ ಇಲ್ಲದ ಹಾಗೆ. ಅಂಥವು ನಾಲ್ಕು ಸಿಕ್ಕವು. ಈಗ ಬಾಕ್ಸ್ ಬಿಚ್ಚದೇ ಎರಡು ನಿಮಿಷದಲ್ಲಿ ಹಿಡೀತೀನಿ. ಹೇಗೆ ಅಂತ ಕೇಳಬೇಡಿ, ಅದು ನನ್ನ ಹೊಟ್ಟೆಪಾಡು.

ಎಲ್ಲಾ ಮನೆ ಹತ್ತಿದ ಮೇಲೆ ಒಂದು ಲೈನಿನ ಸಿಗ್ನಲ್ ಇನ್ನೊಂದಕ್ಕೆ ನುಸುಳೋ ಕ್ರಾಸ್‌ಟಾಕ್‌ಗೆ 70ರ ಹತ್ತಿರ ಇಳೀತು. ಅದನ್ನ ಅಳಿಸೋ ವೆಕ್ಟರಿಂಗ್ ಈ ಹಳೇ ಡಬ್ಬಕ್ಕೆ ಎಲ್ಲಿಂದ ಬರಬೇಕು? ಆದ್ರೂ ಆರು ತಿಂಗಳಿಂದ ದೂರಿಲ್ಲ. ನಕ್ಕ ಸೆಕ್ರೆಟರಿಯೇ ಈಗ ಪಕ್ಕದ ಬ್ಲಾಕಿಗೆ ನನ್ನ ನಂಬರ್ ಕೊಡ್ತಿದ್ದಾರೆ.

ನಡುವೆ ಸುಮ್ಮನೆ ಕುತೂಹಲಕ್ಕೆ, ಪಂಪ್‌ಹೌಸ್ ಪಕ್ಕದ ವಾಚ್‌ಮನ್ ಮನೆವರೆಗೆ ಹೂತಿದ್ದ ಜೆಲ್ಲಿ (ನೀರು ಹೋಗದ ಹಾಗೆ ಜೆಲ್ ತುಂಬಿದ) ಕೇಬಲ್ಲಲ್ಲೂ ಹತ್ತಿಸಿ ನೋಡಿದೆ. ದೂರ 400 ಮೀಟರ್ ಇರಬಹುದು, 40 ಬಂತು. ಮೋಟರ್ ಸ್ಟಾರ್ಟ್ ಆದಾಗೆಲ್ಲ ಲೈನ್ ಬೀಳ್ತಿತ್ತು. ಇಂಟರ್‌ಲೀವಿಂಗ್ (ಡೇಟಾ ಹರಡಿ ಕಳಿಸೋದು, ತಪ್ಪು ತಿದ್ದಬಹುದು ಆದ್ರೆ ತುಸು ತಡ) ಏರಿಸಿದ ಮೇಲೆ ಲೈನ್ ಬೀಳೋದು ನಿಂತಿದೆ. ಗೇಮ್ ಆಡುವಾಗ ಪಿಂಗ್ ಜಾಸ್ತಿ ಅಂತ ವಾಚ್‌ಮನ್ ಮಗ ಮಾತ್ರ ಇನ್ನೂ ಗೊಣಗ್ತಾನೆ.