ಎಂಜಿಬಿ ಎಂಜಿನ್: ಕಾರ್ಬುರೇಟರ್ ಮುಟ್ಟುವ ಮೊದಲು

ಹಳೆಯ ಬ್ರಿಟಿಷ್ ಸ್ಪೋರ್ಟ್ಸ್ ಕಾರು ಎಂಜಿಬಿ ಮಿಸ್ ಹೊಡೆಯುತ್ತಿದೆ, ಪಿಕಪ್ ಇಲ್ಲ, ಸಿಗ್ನಲ್‌ನಲ್ಲಿ ನಿಂತರೆ ಆಫ್ ಆಗುತ್ತದೆ ಎಂದಾಕ್ಷಣ ಕೈ ಹೋಗುವುದು ಪೆಟ್ರೋಲ್-ಗಾಳಿ ಬೆರೆಸುವ ಎರಡು ಎಸ್‌ಯು ಕಾರ್ಬುರೇಟರ್‌ಗಳ ಕಡೆಗೆ. ಕಣ್ಣಿಗೆ ಕಾಣುವುದು ಅವೇ, ತಿರುಗಿಸಲು ಸ್ಕ್ರೂ ಇರುವುದೂ ಅಲ್ಲೇ. ನನ್ನ ಕ್ರಮ ಬೇರೆ: ಮೊದಲು ಕಂಪ್ರೆಷನ್ (ಸಿಲಿಂಡರ್ ಒಳಗಿನ ಒತ್ತಡ), ಆಮೇಲೆ ಟ್ಯಾಪೆಟ್ (ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ತೋಳಿನ ನಡುವಿನ ಸಂದು), ಆಮೇಲೆ ಪಾಯಿಂಟ್ (ಸ್ಪಾರ್ಕ್ ಹುಟ್ಟಿಸುವ ಸ್ವಿಚ್) ಮತ್ತು ಟೈಮಿಂಗ್ (ಸ್ಪಾರ್ಕ್ ಬೀಳುವ ಕ್ಷಣ), ಎಲ್ಲಕ್ಕಿಂತ ಕೊನೆಗೆ ಕಾರ್ಬುರೇಟರ್. ಬಹಳ ಸಲ ಕಾರ್ಬುರೇಟರ್‌ ಹತ್ತಿರ ಬರುವಷ್ಟರಲ್ಲಿ ತೊಂದರೆಯೇ ಹೋಗಿರುತ್ತದೆ. ಮೊದಲೇ ಅದನ್ನು ತಿರುಗಿಸಿಬಿಟ್ಟರೆ ಒಂದು ತಪ್ಪಿನ ಮೇಲೆ ಇನ್ನೊಂದು ತಪ್ಪು ಕೂತು, ಯಾವುದು ಯಾವುದರಿಂದ ಎಂದು ಬಿಡಿಸುವುದೇ ಕಷ್ಟವಾಗುತ್ತದೆ.

ಇಂಗ್ಲೆಂಡಿನ ಅಬಿಂಗ್ಡನ್‌ನಲ್ಲಿ 1962ರಿಂದ 1980ರವರೆಗೆ ತಯಾರಾದ ಈ ಕಾರಿನಲ್ಲಿ ಇರುವುದು ಬಿಎಂಸಿ (ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್) ಕಂಪನಿಯ ಬಿ-ಸೀರೀಸ್ ಎಂಜಿನ್, 1798 ಸಿಸಿ. ನಾನು ಕೆಲಸ ಮಾಡುವುದು 1966ರ ಕಾರಿನ ಮೇಲೆ. ಅದರದ್ದು 18ಜಿಬಿ, ಅಂದರೆ ಐದು ಮೇನ್ ಬೇರಿಂಗ್‌ನ ಎಂಜಿನ್. ಕೆಳಗಿನ ಅಳತೆಗಳೆಲ್ಲ ಅದಕ್ಕೆ ಸೇರಿದವು; 1970ರ ದಶಕದ 18ವಿ ಎಂಜಿನ್‌ಗೆ ಟೈಮಿಂಗ್, ಕಾರ್ಬುರೇಟರ್ ಸೂಜಿ ಬೇರೆ. ನಮ್ಮ ಊರುಗಳಲ್ಲಿ ಹಳೆಯ ಪೆಟ್ರೋಲ್ ಅಂಬಾಸಿಡರ್ ಬಿಚ್ಚಿದ ಮೆಕ್ಯಾನಿಕ್‌ಗೆ ಈ ಎಂಜಿನ್ ಅಪರಿಚಿತವಲ್ಲ. ಅಂಬಾಸಿಡರ್‌ನ 1489 ಸಿಸಿ ಎಂಜಿನ್ ಇದೇ ಬಿ-ಸೀರೀಸ್ ಮನೆತನದ್ದು. ಫೈರಿಂಗ್ ಆರ್ಡರ್ 1-3-4-2, ಪುಶ್‌ರಾಡ್, ರಾಕರ್ ಶಾಫ್ಟ್, ಆ ಟಕಟಕ ಸದ್ದು ಎಲ್ಲ ಅದೇ.

ಕಂಪ್ರೆಷನ್ ನೋಡುವಾಗ ಎಂಜಿನ್ ಬಿಸಿಯಾಗಿರಬೇಕು, ನಾಲ್ಕೂ ಪ್ಲಗ್ ಹೊರಗಿರಬೇಕು, ಆಕ್ಸಿಲರೇಟರ್ ಪೂರ್ತಿ ಒತ್ತಿರಬೇಕು. ಆಕ್ಸಿಲರೇಟರ್ ಒತ್ತುವುದನ್ನು ಮರೆತರೆ ಗಾಳಿಯೇ ಒಳಗೆ ಹೋಗದೆ ಒಳ್ಳೆಯ ಎಂಜಿನ್ ಕೂಡ ಸತ್ತಂತೆ ಕಾಣುತ್ತದೆ. 8.8:1 ಕಂಪ್ರೆಷನ್‌ನ ಎಂಜಿನ್‌ಗೆ ಸುಮಾರು 160 ಪಿಎಸ್‌ಐ ಬರಬೇಕು. ನನಗೆ ಅಂಕಿಗಿಂತ ನಾಲ್ಕರ ನಡುವಿನ ವ್ಯತ್ಯಾಸ ಮುಖ್ಯ. ನಾಲ್ಕೂ 145 ಇದ್ದರೆ ಎಂಜಿನ್ ಸವೆದಿದೆ, ಆದರೆ ಟ್ಯೂನ್ ಆಗುತ್ತದೆ. ಮೂರು 160, ಒಂದು 110 ಇದ್ದರೆ ಯಾವ ಸ್ಕ್ರೂ ತಿರುಗಿಸಿಯೂ ಪ್ರಯೋಜನವಿಲ್ಲ. ಕಮ್ಮಿ ಇರುವ ಸಿಲಿಂಡರ್‌ಗೆ ಒಂದು ಟೀ ಚಮಚ ಎಂಜಿನ್ ಆಯಿಲ್ ಬಿಟ್ಟು ಮತ್ತೆ ನೋಡುತ್ತೇನೆ: ಏರಿದರೆ ರಿಂಗ್, ಏರದಿದ್ದರೆ ವಾಲ್ವ್. 2 ಮತ್ತು 3 ಒಟ್ಟಿಗೆ ಬಿದ್ದಿದ್ದರೆ ಅವೆರಡರ ನಡುವೆ ಹೆಡ್ ಗ್ಯಾಸ್ಕೆಟ್ ಸುಟ್ಟಿದೆ ಎಂದೇ ಮೊದಲ ಅನುಮಾನ.

ಟ್ಯಾಪೆಟ್‌ಗೆ ಅಳತೆ 15 ಥೌ (ಇಂಚಿನ ಸಾವಿರದ 15 ಭಾಗ), ಅಂದರೆ 0.38 ಮಿಮೀ, ಎಂಜಿನ್ ಪೂರ್ತಿ ತಣ್ಣಗಿರುವಾಗ. ಪ್ಲಗ್ ಬಿಚ್ಚಿ, ನಾಲ್ಕನೇ ಗೇರ್‌ಗೆ ಹಾಕಿ, ಕಾರನ್ನು ಸ್ವಲ್ಪ ಸ್ವಲ್ಪ ತಳ್ಳಿದರೆ ಎಂಜಿನ್ ಸುಲಭವಾಗಿ ತಿರುಗುತ್ತದೆ. ಎಂಟು ವಾಲ್ವ್‌ಗೆ ರೇಡಿಯೇಟರ್ ಕಡೆಯಿಂದ 1ರಿಂದ 8 ಎಂದು ಎಣಿಸಿ, ಒಂಬತ್ತರ ಲೆಕ್ಕ ಹಿಡಿದರೆ ಸಾಕು. 8 ಪೂರ್ತಿ ಕೆಳಗೆ ಒತ್ತಿಕೊಂಡಾಗ 1 ಸೆಟ್ ಮಾಡುವುದು, 6 ಒತ್ತಿದಾಗ 3, 4 ಒತ್ತಿದಾಗ 5, 7 ಒತ್ತಿದಾಗ 2, ಹಾಗೇ ಉಳಿದವು. ಎರಡೂ ಕೂಡಿದರೆ ಯಾವಾಗಲೂ ಒಂಬತ್ತು. 1, 4, 5, 8 ಎಕ್ಸಾಸ್ಟ್. 2, 3, 6, 7 ಇನ್‌ಲೆಟ್.

ಇಲ್ಲಿ ಮೋಸ ಹೋಗುವ ಜಾಗ ಒಂದಿದೆ. ರಾಕರ್‌ನ ತುದಿ ವಾಲ್ವ್ ತಲೆಗೆ ಬಡಿದು ಬಡಿದು ಅದರಲ್ಲಿ ವಾಲ್ವ್ ಕಾಂಡದಷ್ಟೇ ಅಗಲದ ಕುಳಿ ಬಿದ್ದಿರುತ್ತದೆ. ಫೀಲರ್ ಗೇಜ್‌ನ ಪಟ್ಟಿ ಅಗಲವಾಗಿರುವುದರಿಂದ ಕುಳಿಯ ಎರಡು ದಂಡೆಗಳ ಮೇಲೆ ಸೇತುವೆಯಂತೆ ಕೂರುತ್ತದೆ, ಕುಳಿಯೊಳಗೆ ಇಳಿಯುವುದಿಲ್ಲ. ಗೇಜ್ 15 ಎನ್ನುತ್ತದೆ, ನಿಜವಾದ ಸಂದು 20 ಇರುತ್ತದೆ. "ಎಷ್ಟು ಸಲ ಸೆಟ್ ಮಾಡಿದರೂ ಟಕಟಕ ಹೋಗುತ್ತಿಲ್ಲ" ಎನ್ನುವ ದೂರಿಗೆ ಸಾಮಾನ್ಯವಾಗಿ ಇದೇ ಕಾರಣ. ಉಗುರನ್ನು ರಾಕರ್ ತುದಿಯ ಮೇಲೆ ಎಳೆದು ನೋಡಿ. ಉಗುರು ಸಿಕ್ಕಿಕೊಂಡರೆ ಕುಳಿ ಇದೆ. ತಾತ್ಕಾಲಿಕವಾಗಿ, ಪಟ್ಟಿಯನ್ನು ವಾಲ್ವ್ ಕಾಂಡಕ್ಕಿಂತ ಕಿರಿದಾಗಿ ಕತ್ತರಿಸಿಕೊಂಡು ಅಳೆಯುತ್ತೇನೆ. ಶಾಶ್ವತ ಪರಿಹಾರವೆಂದರೆ ರಾಕರ್ ಬದಲಿಸುವುದು, ಜೊತೆಗೆ ಶಾಫ್ಟ್ ಕೂಡ. ಶಾಫ್ಟ್ ಸವೆಯುವುದು ಕೆಳಮೈಯಲ್ಲಿ, ಮೇಲಿನಿಂದ ನೋಡಿದರೆ ಹೊಸದರಂತೆ ಹೊಳೆಯುತ್ತಿರುತ್ತದೆ.

ಲಾಕ್‌ನಟ್ ಬಿಗಿ ಮಾಡುವಾಗ ಸ್ಕ್ರೂ ಒಂದಿಷ್ಟು ತಿರುಗುತ್ತದೆ. ಆದ್ದರಿಂದ ಬಿಗಿ ಮಾಡಿದ ಮೇಲೆ ಮತ್ತೊಮ್ಮೆ ಗೇಜ್ ಹಾಕದೆ ಮುಂದೆ ಹೋಗುವುದಿಲ್ಲ. ಪ್ರತಿ ಸಲದ ಅಳತೆಯನ್ನೂ ಬರೆದಿಡುತ್ತೇನೆ. ಎಕ್ಸಾಸ್ಟ್ ವಾಲ್ವ್‌ಗಳ ಸಂದು ಮಾತ್ರ ಸಲದಿಂದ ಸಲಕ್ಕೆ ಕಿರಿದಾಗುತ್ತಾ ಬಂದರೆ, ವಾಲ್ವ್ ತನ್ನ ಸೀಟಿನೊಳಗೆ ಇಳಿಯುತ್ತಿದೆ ಎಂದರ್ಥ. ಹಳೆಯ ಪೆಟ್ರೋಲ್‌ನಲ್ಲಿದ್ದ ಸೀಸ ಸೀಟಿಗೆ ರಕ್ಷಣೆಯ ಪದರದಂತೆ ಕೆಲಸ ಮಾಡುತ್ತಿತ್ತು. ಬ್ರಿಟನ್‌ನಲ್ಲೂ ಭಾರತದಲ್ಲೂ 2000ದ ಹೊತ್ತಿಗೆ ಅದು ಬಂಕ್‌ಗಳಿಂದ ಹೋಯಿತು. ಹೆಡ್ ಬಿಚ್ಚುವ ಪ್ರಸಂಗ ಬಂದಾಗ ಗಟ್ಟಿ ಉಕ್ಕಿನ ಎಕ್ಸಾಸ್ಟ್ ಸೀಟ್ ಕೂರಿಸಿಬಿಡುವುದು ಇದಕ್ಕೆ ಮದ್ದು. ಅದಕ್ಕಾಗಿಯೇ ಚೆನ್ನಾಗಿರುವ ಹೆಡ್ ಬಿಚ್ಚಬೇಕಾಗಿಲ್ಲ.

ಇಗ್ನಿಷನ್‌ಗೆ ಬಂದರೆ, ಸ್ಪಾರ್ಕನ್ನು ನಾಲ್ಕು ಪ್ಲಗ್‌ಗೆ ಹಂಚುವ 25ಡಿ4 ಡಿಸ್ಟ್ರಿಬ್ಯೂಟರ್ ಎಂಜಿನ್‌ನ ಬಲಬದಿಯಲ್ಲಿ ಕೆಳಗೆ ಅಡಗಿ ಕೂತಿದೆ. ಪಾಯಿಂಟ್ ಗ್ಯಾಪ್ 14ರಿಂದ 16 ಥೌ, ಡ್ವೆಲ್ (ಪಾಯಿಂಟ್ ಮುಚ್ಚಿರುವ ಕೋನ) 60 ಡಿಗ್ರಿಯ ಆಸುಪಾಸು, ಪ್ಲಗ್ ಗ್ಯಾಪ್ 25 ಥೌ. ಹೊಸ ಪಾಯಿಂಟ್ ಹಾಕಿದ ಕೂಡಲೇ ಸ್ಪಾರ್ಕೇ ಇಲ್ಲ ಎಂದಾದರೆ ಕಾಯಿಲ್ ಬದಲಿಸಲು ಓಡಬೇಡಿ. ಪಾಯಿಂಟ್‌ನ ಸ್ಪ್ರಿಂಗ್ ಕೂರುವ ಗೂಟದ ಮೇಲೆ ಒಂದು ಪ್ಲಾಸ್ಟಿಕ್ ಬುಷ್ ಇದೆ. ಕಂಡೆನ್ಸರ್ ವೈರ್, ಕಾಯಿಲ್‌ನಿಂದ ಬರುವ ವೈರ್ ಎರಡರ ತುದಿಯ ಕಣ್ಣುಗಳೂ (ಲೋಹದ ಉಂಗುರ) ಆ ಬುಷ್‌ನ ಸುತ್ತ, ಸ್ಪ್ರಿಂಗ್‌ಗೆ ಅಂಟಿಕೊಂಡಿರಬೇಕು. ಗೂಟಕ್ಕಾಗಲಿ ಅದರ ನಟ್‌ಗಾಗಲಿ ತಾಗಬಾರದು. ಬುಷ್‌ನ ಕೆಳಗೋ ಮೇಲೋ ಒಂದು ಕಣ್ಣು ಹಾಕಿದರೆ ಕರೆಂಟ್ ನೇರ ಅರ್ಥ್ ಆಗಿ ಪಾಯಿಂಟ್ ತೆರೆದರೂ ತೆರೆಯದಂತೆಯೇ.

ಇನ್ನೊಂದು, ಬೇಸ್ ಪ್ಲೇಟ್‌ನಿಂದ ಡಿಸ್ಟ್ರಿಬ್ಯೂಟರ್ ಬಾಡಿಗೆ ಹೋಗುವ ಬಟ್ಟೆ ಸುತ್ತಿದ ಸಣ್ಣ ಅರ್ಥ್ ವೈರ್. ವ್ಯಾಕ್ಯೂಮ್ ಎಳೆದಾಗಲೆಲ್ಲ ಪ್ಲೇಟ್ ತಿರುಗುತ್ತದೆ, ವೈರ್ ಬಾಗುತ್ತದೆ. ವರ್ಷಗಳ ಮೇಲೆ ಒಳಗಿನ ಎಳೆಗಳು ಮುರಿದು ಬಟ್ಟೆ ಮಾತ್ರ ಉಳಿದಿರುತ್ತದೆ. ಐಡಲಿಂಗ್‌ನಲ್ಲಿ ಚೆನ್ನಾಗಿದ್ದು, ರಸ್ತೆಯಲ್ಲಿ ಆಕ್ಸಿಲರೇಟರ್ ಕೊಟ್ಟಾಗ ಮಾತ್ರ ಮಿಸ್ ಹೊಡೆದರೆ ನಾನು ಮೊದಲು ಎಳೆದು ನೋಡುವುದು ಇದನ್ನೇ. ಈಚಿನ ಅಗ್ಗದ ರೋಟರ್ ಆರ್ಮ್‌ಗಳಲ್ಲಿ ಹಿತ್ತಾಳೆ ಪಟ್ಟಿ ಹಿಡಿದಿರುವ ರಿವೆಟ್ ಒಳಗಿನ ಸ್ಪ್ರಿಂಗ್‌ಗೆ ತೀರ ಹತ್ತಿರ ಬಂದಿರುತ್ತದೆ. ಬಿಸಿಯಾದ ಮೇಲೆ ಕರೆಂಟ್ ಅಲ್ಲಿಂದ ಶಾಫ್ಟ್‌ಗೆ ಹಾರಿಬಿಡುತ್ತದೆ. ರಿವೆಟ್ ಇಲ್ಲದ ರೋಟರ್ ಸಿಗುತ್ತದೆ, ಅದನ್ನೇ ಕೊಳ್ಳಿ. ಕಂಡೆನ್ಸರ್ ಹೊಸದಾದ ಮಾತ್ರಕ್ಕೆ ಒಳ್ಳೆಯದು ಎಂದು ನಂಬುವ ಕಾಲವೂ ಹೋಯಿತು, ಕೆಲಸ ಮಾಡುತ್ತಿದ್ದ ಹಳೆಯದನ್ನು ಎಸೆಯದೆ ಡಿಕ್ಕಿಯಲ್ಲಿ ಇಟ್ಟುಕೊಳ್ಳುತ್ತೇನೆ.

ಗ್ಯಾಪ್ ಬದಲಾದರೆ ಟೈಮಿಂಗ್ ಬದಲಾಗುತ್ತದೆ. ಆದ್ದರಿಂದ ಟೈಮಿಂಗ್ ಯಾವಾಗಲೂ ಗ್ಯಾಪ್ ಆದ ಮೇಲೆ. ಎಂಜಿನ್ ನಿಂತಿರುವಾಗ ಟಿಡಿಸಿಗೆ (ಪಿಸ್ಟನ್ ತೀರ ಮೇಲಿರುವ ಸ್ಥಾನ) 10 ಡಿಗ್ರಿ ಮೊದಲು, ಟೈಮಿಂಗ್ ಲೈಟ್ ಹಿಡಿದು ನೋಡಿದರೆ 600 ಆರ್‌ಪಿಎಂನಲ್ಲಿ 14 ಡಿಗ್ರಿ, ವ್ಯಾಕ್ಯೂಮ್ ಪೈಪ್ ಬಿಚ್ಚಿಟ್ಟು. ರೋಟರ್ ಗಡಿಯಾರಕ್ಕೆ ವಿರುದ್ಧವಾಗಿ ತಿರುಗುವುದರಿಂದ ಡಿಸ್ಟ್ರಿಬ್ಯೂಟರ್ ಬಾಡಿಯನ್ನು ಗಡಿಯಾರದ ದಿಕ್ಕಿಗೆ ತಿರುಗಿಸಿದರೆ ಅಡ್ವಾನ್ಸ್, ಅಂದರೆ ಸ್ಪಾರ್ಕ್ ಬೇಗ. 1967ರವರೆಗಿನ ಕಾರುಗಳು ಪಾಸಿಟಿವ್ ಅರ್ಥ್ (ಬ್ಯಾಟರಿಯ ಪ್ಲಸ್ ಕಾರಿನ ಬಾಡಿಗೆ ಸೇರಿದವು) ಎಂಬುದನ್ನು ಮರೆತು ಟೈಮಿಂಗ್ ಲೈಟ್‌ನ ಕಪ್ಪು ಕ್ಲಿಪ್ಪನ್ನು ಅಭ್ಯಾಸಬಲದಿಂದ ಬಾಡಿಗೆ ಹಾಕಬೇಡಿ. ಕೆಂಪು ಬ್ಯಾಟರಿಯ ಪ್ಲಸ್‌ಗೆ, ಕಪ್ಪು ಮೈನಸ್‌ಗೆ. ಯಾವುದು ಅರ್ಥ್ ಆದರೂ ಅಷ್ಟೇ.

ಈಗ ಕಾರ್ಬುರೇಟರ್. ಎರಡು ಎಚ್‌ಎಸ್4, ಒಂದೂವರೆ ಇಂಚಿನವು. ಮೇಲಿನ ಡ್ಯಾಶ್‌ಪಾಟ್ ಬಿಚ್ಚಿ ಪೆಟ್ರೋಲ್‌ನಲ್ಲಿ ತೊಳೆಯುತ್ತೇನೆ, ಎಮರಿ ಹಚ್ಚುವುದಿಲ್ಲ. ಹಿಂದಿನದರ ಪಿಸ್ಟನ್ ಮುಂದಿನದಕ್ಕೆ ಹಾಕಬಾರದು, ಪ್ರತಿ ಪಿಸ್ಟನ್ ತನ್ನ ಡ್ಯಾಶ್‌ಪಾಟ್‌ಗೇ ಜೋಡಿ. ಮತ್ತೆ ಕೂರಿಸಿದ ಮೇಲೆ ಪಿಸ್ಟನ್ ಎತ್ತಿ ಬಿಟ್ಟರೆ ಟಕ್ ಎಂದು ಲೋಹದ ಸದ್ದಾಗಬೇಕು. ಸದ್ದಿಲ್ಲದೆ ಮೆತ್ತಗೆ ಕೂತರೆ ಸೂಜಿ ಜೆಟ್‌ಗೆ ಉಜ್ಜುತ್ತಿದೆ. ಜೆಟ್ ಬೇರಿಂಗ್ ನಟ್ ಸಡಿಲಿಸಿ ಮತ್ತೆ ಸೆಂಟರ್ ಮಾಡಬೇಕು. ಡ್ಯಾಂಪರ್‌ಗೆ 20 ಗ್ರೇಡಿನ ಆಯಿಲ್. ಅದು ಖಾಲಿಯಾಗಿದ್ದರೆ ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ಕೆಮ್ಮುತ್ತದೆ, ಜನ ಜೆಟ್ ತಿರುಗಿಸಲು ಹೊರಡುತ್ತಾರೆ.

ಮೊದಲ ಸೆಟ್ಟಿಂಗ್‌ಗೆ ಜೆಟ್ ನಟ್ಟನ್ನು ಪೂರ್ತಿ ಮೇಲೇರಿಸಿ, ಜೆಟ್ ಕಾರ್ಬುರೇಟರ್ ಗಂಟಲಿನ ಸೇತುವೆಯ ಮಟ್ಟಕ್ಕೆ ಬಂದ ಮೇಲೆ ಎರಡು ಸುತ್ತು, ಅಂದರೆ ಆರು ಮುಖದ ನಟ್‌ನ 12 ಮುಖ, ಕೆಳಗಿಳಿಸುತ್ತೇನೆ. ಎರಡೂ ಕಾರ್ಬುರೇಟರ್ ಜೋಡಿಸುವ ಸ್ಪಿಂಡಲ್ ಕ್ಲ್ಯಾಂಪ್‌ಗಳನ್ನು ಸಡಿಲಿಸಿ, ಎಂಜಿನ್ ಬಿಸಿ ಮಾಡಿ, ರಬ್ಬರ್ ಪೈಪಿನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರ್ ಬಾಯಿಗೆ ಹಿಡಿದು ಎರಡರ ಸುಯ್ ಸದ್ದನ್ನೂ ಸಮ ಮಾಡುತ್ತೇನೆ. ಗಾಳಿ ಸಮವಾದ ಮೇಲೆ ಮಿಕ್ಸ್ಚರ್. ಬದಿಯ ಪಿನ್ನಿನಿಂದ ಪಿಸ್ಟನ್ ಅನ್ನು 0.8 ಮಿಮೀ ಮಾತ್ರ ಎತ್ತಿ: ವೇಗ ಏರಿ ಅಲ್ಲೇ ನಿಂತರೆ ರಿಚ್ (ಪೆಟ್ರೋಲ್ ಹೆಚ್ಚು), ನಟ್ ಮೇಲಕ್ಕೆ. ಎಂಜಿನ್ ಸಾಯುವಂತಾದರೆ ವೀಕ್ (ಪೆಟ್ರೋಲ್ ಕಮ್ಮಿ), ನಟ್ ಕೆಳಕ್ಕೆ. ಕ್ಷಣ ಏರಿ ಮತ್ತೆ ಇಳಿದರೆ ಸರಿ. ಒಂದು ಸಲಕ್ಕೆ ಒಂದೇ ಮುಖ. ನಾನು ಐಡಲಿಂಗ್ 700ರಿಂದ 800ರೊಳಗೆ ಇಡುತ್ತೇನೆ. ಏನು ಮಾಡಿದರೂ ಐಡಲಿಂಗ್ ನಿಲ್ಲದಿದ್ದರೆ ಥ್ರಾಟಲ್ ಸ್ಪಿಂಡಲ್‌ನ ಎರಡು ತುದಿಗೆ ಒಂದೊಂದು ಹನಿ ಆಯಿಲ್ ಬಿಡಿ. ಸದ್ದು ಬದಲಾದರೆ ಸ್ಪಿಂಡಲ್ ಸವೆದು ಅಲ್ಲಿಂದ ಗಾಳಿ ಎಳೆಯುತ್ತಿದೆ, ಅದಕ್ಕೆ ಬುಷ್ ಕೆಲಸವೇ ಆಗಬೇಕು.

ಆಯಿಲ್ ಬಗ್ಗೆ ಹೆಚ್ಚು ಹೇಳುವುದಿಲ್ಲ: ಮಿನರಲ್ 20ಡಬ್ಲ್ಯೂ-50, ಝಿಂಕ್ ಇರುವಂಥದ್ದು, ಫಿಲ್ಟರ್ ಸೇರಿ ಸುಮಾರು 4.26 ಲೀಟರ್, 3000 ಮೈಲಿಗೊಮ್ಮೆ. ಹಳೆಯ ಡಬ್ಬಿ ಫಿಲ್ಟರ್‌ನ ಗಾಡಿಯಲ್ಲಿ ಹಳೆಯ ರಬ್ಬರ್ ರಿಂಗ್ ಗಾಡಿಯಲ್ಲೇ ಉಳಿದು, ಅದರ ಮೇಲೆ ಹೊಸದು ಕೂತು, ಸ್ಟಾರ್ಟ್ ಮಾಡಿದ ಕೂಡಲೇ ಆಯಿಲ್ ನೆಲಕ್ಕೆ ಸುರಿಯುವುದುಂಟು. ಸೂಜಿಯಿಂದ ಕೆದಕಿ ಹಳೆಯದು ಹೊರಬಂತೆಂದು ಕಣ್ಣಾರೆ ನೋಡಿ. ಓಡುವಾಗ ಪ್ರೆಷರ್ 50ರಿಂದ 80 ಪಿಎಸ್‌ಐ. ಪೆಟ್ರೋಲ್‌ನಲ್ಲಿ ಎಥನಾಲ್ ಸೇರಿರುವುದರಿಂದ ಹಳೆಯ ರಬ್ಬರ್ ಪೈಪ್‌ಗಳನ್ನು ತೆಗೆದು ಎಥನಾಲ್ ತಡೆಯುವ ಆರ್9 ದರ್ಜೆಯವು ಹಾಕಿದ್ದೇನೆ.

ಹೆಡ್ ಬಿಚ್ಚುವುದಾದರೆ, ಅಥವಾ ರಾಕರ್ ಶಾಫ್ಟ್ ಮಾತ್ರ ಬಿಚ್ಚುವುದಾದರೂ, ಮೊದಲು ನೀರು ಇಳಿಸಬೇಕು. ರಾಕರ್ ಹಿಡಿದಿರುವ ಎಂಟು ನಟ್‌ಗಳಲ್ಲಿ ನಾಲ್ಕು ಹೆಡ್ಡನ್ನೂ ಹಿಡಿದಿವೆ. ಅವನ್ನು ಮಾತ್ರ ಬಿಚ್ಚಿ ಉಳಿದ ಹೆಡ್ ನಟ್‌ಗಳನ್ನು ಬಿಗಿಯಾಗಿಯೇ ಬಿಟ್ಟರೆ ಹೆಡ್ ಒಂದು ಬದಿಗೆ ಸೆಟೆದು ಗ್ಯಾಸ್ಕೆಟ್ ದಾಟಿ ನೀರು ಒಳಗಿಳಿಯುತ್ತದೆ. ಎಲ್ಲ ನಟ್‌ಗಳನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸಬೇಕು. ಪುಶ್‌ರಾಡ್ ಎತ್ತುವಾಗ ತಿರುಚಿ ಎತ್ತಿ, ಇಲ್ಲದಿದ್ದರೆ ಆಯಿಲ್‌ನ ಅಂಟಿಗೆ ಕೆಳಗಿನ ಟ್ಯಾಪೆಟ್ (ಪುಶ್‌ರಾಡ್‌ನ ಬುಡದಲ್ಲಿರುವ ಬಿಡಿಭಾಗ) ಕೂಡ ಎದ್ದು ಬಂದು ಅಡ್ಡ ಬೀಳುತ್ತದೆ. ಎಂಟು ತೂತಿನ ರಟ್ಟಿನಲ್ಲಿ ಅವನ್ನು ಅದೇ ಸಾಲಿನಲ್ಲಿ ಚುಚ್ಚಿಡಿ. ಹೆಡ್ ಕೆಳಗಿಳಿದ ಮೇಲೆ ಸ್ಟೀಲ್ ಪಟ್ಟಿ ಇಟ್ಟು ಮಟ್ಟ ನೋಡುವುದರ ಜೊತೆಗೆ, 2 ಮತ್ತು 3ರ ಎಕ್ಸಾಸ್ಟ್ ಸೀಟುಗಳ ನಡುವಿನ ಜಾಗವನ್ನು ಚೆನ್ನಾಗಿ ಉಜ್ಜಿ ನೋಡಿ. ಎರಡು ಸಿಲಿಂಡರ್‌ನ ಬಿಸಿಯೂ ಒಂದೇ ಪೋರ್ಟ್‌ನಲ್ಲಿ ಹೊರಹೋಗುವುದರಿಂದ ಬಿರುಕು ಬಿಡುವುದು ಅಲ್ಲೇ.

ಬ್ಲಾಕ್‌ನಲ್ಲಿ ಸ್ಟಡ್ ಸುತ್ತ ಲೋಹ ಉಬ್ಬಿದ್ದರೆ ಅದನ್ನು ಇಳಿಸದೆ ಹೊಸ ಗ್ಯಾಸ್ಕೆಟ್ ಹಾಕಿದರೆ ಅದೂ ಉಳಿಯುವುದಿಲ್ಲ. ಮಧ್ಯದಿಂದ ಹೊರಕ್ಕೆ 20, 35, 50 ಪೌಂಡ್-ಅಡಿ ಎಂದು ಮೂರು ಸುತ್ತಿನಲ್ಲಿ ಬಿಗಿ ಮಾಡುತ್ತೇನೆ. ರಾಕರ್‌ನ ನಾಲ್ಕು ಸಣ್ಣ ನಟ್‌ಗಳಿಗೆ 25. ಸುಮಾರು 500 ಮೈಲಿ ಆದ ಮೇಲೆ, ತಣ್ಣಗಿರುವಾಗ, ಒಂದೊಂದೇ ನಟ್ಟನ್ನು ಕಾಲು ಸುತ್ತು ಸಡಿಲಿಸಿ ಮತ್ತೆ 50ಕ್ಕೆ ಎಳೆಯುತ್ತೇನೆ. ಸಡಿಲಿಸದೆ ನೇರ ಎಳೆದರೆ ಅಂಟಿಕೊಂಡಿರುವ ನಟ್ ಅಲುಗುವ ಮೊದಲೇ ರೆಂಚ್ ಕ್ಲಿಕ್ ಎನ್ನುತ್ತದೆ. ಗ್ಯಾಸ್ಕೆಟ್ ಒತ್ತಿಕೊಂಡಷ್ಟೂ ಹೆಡ್ ಕೆಳಗಿಳಿದು ಟ್ಯಾಪೆಟ್ ಸಂದು ಕಿರಿದಾಗಿರುತ್ತದೆ. ಹಾಗಾಗಿ ಅದೇ ದಿನ, ರಾಕರ್ ಕವರ್ ಮುಚ್ಚುವ ಮೊದಲು, ಎಂಟೂ ವಾಲ್ವ್‌ಗೆ ಮತ್ತೆ 15 ಥೌ.