ಜರ್ಮನಿಯಲ್ಲಿ ಫ್ಯಾಮಿಲಿ ಪರ್ಮಿಟ್ ರಿನ್ಯೂ ಮಾಡಿಸುವುದು: ಟೆರ್ಮೀನ್‌ಗೆ (ಅಪಾಯಿಂಟ್‌ಮೆಂಟಿಗೆ) ಕಾಯಬೇಡಿ, ಅರ್ಜಿ ಹಾಕಿ

ಮದುವೆಯಾಗಿ ಜರ್ಮನಿಗೆ ಬಂದವರು, ಗಂಡನಿಗೋ ಹೆಂಡತಿಗೋ ಇಲ್ಲಿ ಕೆಲಸ ಸಿಕ್ಕಿ ಜೊತೆಗೆ ಬಂದವರು, ಮೊದಲು ನಿಮ್ಮ ರೆಸಿಡೆನ್ಸ್ ಪರ್ಮಿಟ್ ಕಾರ್ಡ್ ತೆಗೆದು ಅದರ ಕೊನೆಯ ದಿನಾಂಕ ನೋಡಿ. ಪಾಸ್‌ಪೋರ್ಟಿನ ಕೊನೆಯ ದಿನಾಂಕವನ್ನೂ ನೋಡಿ. ಎರಡನ್ನೂ ನಿಮ್ಮ ಫೋನಿನಲ್ಲಿ ರಿಮೈಂಡರ್ ಹಾಕಿಕೊಳ್ಳಿ. ಮನೆಯವರ ಫೋನಿನಲ್ಲಿದ್ದರೆ ಸಾಲದು. ಇಲ್ಲಿ ಎಷ್ಟೋ ಮನೆಗಳಲ್ಲಿ ಎಲ್ಲ ಕಾಗದಪತ್ರ ಒಬ್ಬರ ಕೈಯಲ್ಲೇ ಇರುತ್ತದೆ, ಇನ್ನೊಬ್ಬರಿಗೆ ತಮ್ಮ ಪರ್ಮಿಟ್ ಯಾವಾಗ ಮುಗಿಯುತ್ತದೆ ಅನ್ನುವುದೇ ಗೊತ್ತಿರುವುದಿಲ್ಲ. ಪರ್ಮಿಟ್ ನಿಮ್ಮ ಹೆಸರಿನಲ್ಲಿದೆ, ಅರ್ಜಿಗೆ ಸಹಿ ಹಾಕುವವರೂ ನೀವೇ. ಅದಕ್ಕೇ ನಿಮಗೇ ಇದೆಲ್ಲ ತಿಳಿದಿರಲಿ ಅಂತ ಬರೆಯುತ್ತಿದ್ದೇನೆ.

ಎಲ್ಲರೂ ಹೆದರುವುದು ಟೆರ್ಮೀನ್ ಸಿಗುವುದಿಲ್ಲ ಅಂತ. ಔಸ್ಲೆಂಡರ್‌ಬೆಹೋರ್ಡೆ, ಅಂದರೆ ನಮ್ಮವರು ಫಾರಿನರ್ಸ್ ಆಫೀಸ್ ಅನ್ನುವ ಆಫೀಸು, ದೊಡ್ಡ ಊರುಗಳಲ್ಲಿ ತುಂಬಿ ತುಳುಕುತ್ತಿರುತ್ತದೆ. ಆನ್‌ಲೈನಿನಲ್ಲಿ ನೋಡಿದರೆ ಒಂದೂ ಸ್ಲಾಟ್ ಇರುವುದಿಲ್ಲ. ಕಾರ್ಡ್ ಮುಗಿಯಲು ಇನ್ನು ಹತ್ತು ದಿನ, ಟೆರ್ಮೀನ್ ಸಿಕ್ಕಿರುವುದು ಮೂರು ತಿಂಗಳ ನಂತರ. ಆಗ ನಿದ್ದೆ ಹಾರಿಹೋಗುತ್ತದೆ, ಅಲ್ವಾ? ಆದರೆ ಕಾನೂನು ಟೆರ್ಮೀನ್ ಯಾವಾಗ ಅಂತ ಕೇಳುವುದಿಲ್ಲ, ಅರ್ಜಿ ಯಾವಾಗ ತಲುಪಿತು ಅಂತ ಕೇಳುತ್ತದೆ. ರೆಸಿಡೆನ್ಸ್ ಕಾಯಿದೆಯ 81ನೇ ಸೆಕ್ಷನ್, 4ನೇ ಉಪವಿಧಿ ಹೇಳುವುದು ಇದನ್ನೇ. ಈಗಿನ ಪರ್ಮಿಟ್ ಮುಗಿಯುವುದಕ್ಕೆ ಮುಂಚೆ ನೀವು ರಿನ್ಯೂಗೆ ಅರ್ಜಿ ಹಾಕಿದರೆ, ಆಫೀಸು ತೀರ್ಮಾನ ಕೊಡುವ ತನಕ ಹಳೆಯ ಪರ್ಮಿಟ್ಟೇ ಮುಂದುವರಿದಂತೆ. ಕೆಲಸ ಮಾಡುವ ಹಕ್ಕೂ ಹಾಗೇ ಮುಂದುವರಿಯುತ್ತದೆ. ಭಾರತದಿಂದ ನ್ಯಾಷನಲ್ ವೀಸಾ ಸ್ಟಿಕ್ಕರಿನಲ್ಲಿ ಬಂದು ಮೊದಲ ಕಾರ್ಡಿಗೆ ಕಾಯುತ್ತಿರುವವರಿಗೂ ಇದು ಅನ್ವಯಿಸುತ್ತದೆ. ಟೂರಿಸ್ಟ್ ಷೆಂಗೆನ್ ವೀಸಾಗೆ ಮಾತ್ರ ಅನ್ವಯಿಸುವುದಿಲ್ಲ.

ಒಂದು ದಿನ ತಡವಾದರೆ ಈ ರಕ್ಷಣೆ ತಾನಾಗಿ ಸಿಗುವುದಿಲ್ಲ. ಆಮೇಲೆ ಕೊಡುವುದು ಬಿಡುವುದು ಆಫೀಸಿನ ಕೈಯಲ್ಲಿ. ನೀವು ಕೇಳಿಕೊಳ್ಳಬೇಕಾಗುತ್ತದೆ.

ಹಾಗಾಗಿ ಕಾರ್ಡ್ ಮುಗಿಯುವ ಮೂರು ತಿಂಗಳ ಮೊದಲೇ ಶುರು ಮಾಡಿ. ನಿಮ್ಮ ಊರಿನ ಆಫೀಸಿನ ವೆಬ್‌ಸೈಟಿನಲ್ಲಿ ಆನ್‌ಲೈನ್ ಅರ್ಜಿ ಇದ್ದರೆ ಅಲ್ಲೇ ಹಾಕಿ. ಬರ್ಲಿನ್, ಮ್ಯೂನಿಕ್ ತರಹದ ಊರುಗಳಲ್ಲಿ ಆನ್‌ಲೈನ್ ದಾರಿ ಇದೆ. ಕೊನೆಯಲ್ಲಿ ಬರುವ ದೃಢೀಕರಣವನ್ನು ಪಿಡಿಎಫ್ ಮಾಡಿ ಇಟ್ಟುಕೊಳ್ಳಿ, ಪ್ರಿಂಟೂ ತೆಗೆಯಿರಿ. ಬರೀ ಟೆರ್ಮೀನ್ ಬುಕ್ ಮಾಡಿದ್ದನ್ನೇ ಅರ್ಜಿ ಅಂದುಕೊಳ್ಳಬೇಡಿ. ಕೆಲವು ಊರುಗಳಲ್ಲಿ ಬುಕಿಂಗನ್ನೇ ಅರ್ಜಿಯ ಹಾಗೆ ನೋಡುತ್ತಾರೆ, ಆದರೆ ಅದನ್ನು ನಂಬಿ ಕೂರುವುದು ಬೇಡ.

ಆನ್‌ಲೈನ್ ಕೆಲಸ ಮಾಡುತ್ತಿಲ್ಲ, ದಿನ ಹತ್ತಿರ ಬಂತು ಅಂದರೆ ಒಂದು ಪುಟದ ಪತ್ರ ಸಾಕು. ಅರ್ಜಿಗೆ ಇದೇ ಫಾರಂ ಆಗಬೇಕು ಅಂತ ಕಾನೂನು ಹೇಳುವುದಿಲ್ಲ. ಜರ್ಮನ್ ಭಾಷೆಯಲ್ಲಿ, ನಿಮ್ಮ ಹೆಸರು, ಹುಟ್ಟಿದ ದಿನಾಂಕ, ದೇಶ, ವಿಳಾಸ, ಈಗಿನ ಕಾರ್ಡಿನ ನಂಬರು, ಅದು ಮುಗಿಯುವ ದಿನ, ಕುಟುಂಬದ ಜೊತೆ ಬಾಳುವ ಸಲುವಾಗಿ ಪರ್ಮಿಟ್ ಮುಂದುವರಿಸಬೇಕು ಅನ್ನುವ ಒಂದು ವಾಕ್ಯ, ಅರ್ಜಿ ತಲುಪಿದ್ದಕ್ಕೆ ಲಿಖಿತ ದೃಢೀಕರಣ ಕೊಡಿ ಅನ್ನುವ ಇನ್ನೊಂದು ವಾಕ್ಯ, ಕೆಳಗೆ ಕೈಯಿಂದ ಸಹಿ. ಪಾಸ್‌ಪೋರ್ಟ್ ಮತ್ತು ಕಾರ್ಡಿನ ಎರಡೂ ಬದಿಯ ಜೆರಾಕ್ಸ್ ಲಗತ್ತಿಸಿ. ಇದನ್ನು ರಿಜಿಸ್ಟರ್ಡ್ ಪೋಸ್ಟಿನಲ್ಲಿ ಕಳಿಸಿ, ರಸೀದಿ ಬಿಸಾಡಬೇಡಿ. ಅದೇ ಪತ್ರವನ್ನು ಸ್ಕ್ಯಾನ್ ಮಾಡಿ ಇಮೇಲ್ ಕೂಡ ಮಾಡಿ. ತಾನಾಗಿ ಬರುವ ಉತ್ತರದಲ್ಲೂ ದಿನಾಂಕ ಇರುತ್ತದೆ, ಅದನ್ನೂ ಉಳಿಸಿಕೊಳ್ಳಿ. ನೆನಪಿರಲಿ, ಪತ್ರ ಹೊರಟ ದಿನ ಲೆಕ್ಕಕ್ಕಿಲ್ಲ, ಆಫೀಸಿಗೆ ತಲುಪಿದ ದಿನ ಲೆಕ್ಕ. ಕೊನೆಯ ದಿನವೇ ಆಗಿಹೋಗಿದ್ದರೆ ಪೋಸ್ಟ್ ನಂಬಬೇಡಿ. ಆಫೀಸಿಗೇ ಹೋಗಿ ಅವರ ಪತ್ರಪೆಟ್ಟಿಗೆಗೆ ಹಾಕಿ, ಜೊತೆಗೊಬ್ಬರು ಸಾಕ್ಷಿ ಇರಲಿ, ಹಾಕುತ್ತಿರುವ ಫೋಟೋನೂ ತೆಗೆಯಿರಿ.

ಅರ್ಜಿ ಹೋದ ಮೇಲೆ ಫಿಕ್ಷನ್ಸ್‌ಬೆಷೈನಿಗುಂಗ್ ಕೇಳಿ. ಹೆಸರು ಉದ್ದ, ಕಾಗದ ಚಿಕ್ಕದು. ನಿಮ್ಮ ಹಳೆಯ ಪರ್ಮಿಟ್ ಇನ್ನೂ ನಡೆಯುತ್ತಿದೆ ಅನ್ನುವ ಸರ್ಟಿಫಿಕೇಟ್ ಅದು. ಫೀಸು 13 ಯೂರೋ. ಈ ಕಾಗದ ಕೈಗೆ ಬರದಿದ್ದರೂ ಕಾನೂನಿನ ರಕ್ಷಣೆ ನಿಮಗಿದ್ದೇ ಇರುತ್ತದೆ, ಆದರೆ ಕಂಪನಿಯ ಎಚ್‌ಆರ್‌ಗೆ ತೋರಿಸಲು, ಏರ್‌ಪೋರ್ಟಿನಲ್ಲಿ ತೋರಿಸಲು ಕಾಗದವೇ ಬೇಕು. ಅದರಲ್ಲಿ ಮೂರು ಚೌಕ ಇರುತ್ತವೆ. ನಿಮಗೆ ಬೇಕಾದದ್ದು ಮೂರನೆಯದು, 81ನೇ ಸೆಕ್ಷನ್ 4ನೇ ಉಪವಿಧಿ ಅಂತ ಬರೆದಿರುವುದು. ಅದಕ್ಕೆ ಗುರುತು ಬಿದ್ದಿದ್ದರೆ ಭಾರತಕ್ಕೆ ಹೋಗಿ ವಾಪಸ್ ಬರಬಹುದು. 3ನೇ ಉಪವಿಧಿಯ ಚೌಕಕ್ಕೆ ಗುರುತಿದ್ದರೆ ಹೊರಗೆ ಹೋದವರು ಅದನ್ನು ತೋರಿಸಿ ಒಳಗೆ ಬರಲಾಗುವುದಿಲ್ಲ. ಕೌಂಟರಿನಲ್ಲಿ ಕಾಗದ ಕೊಟ್ಟ ತಕ್ಷಣ ಅಲ್ಲೇ ನಿಂತು ನೋಡಿ, ತಪ್ಪಿದ್ದರೆ ಅಲ್ಲೇ ಹೇಳಿ.

ಈ ಕಾಗದ ಹಿಡಿದು ಊರಿಗೆ ಹೋಗುವವರು ಮುಗಿದುಹೋದ ಹಳೆಯ ಕಾರ್ಡನ್ನೂ ಪಾಸ್‌ಪೋರ್ಟನ್ನೂ ಜೊತೆಗೇ ಇಟ್ಟುಕೊಳ್ಳಿ. ಬೆಂಗಳೂರಿನಲ್ಲಿ ಚೆಕ್‌ಇನ್ ಕೌಂಟರಿನವರಿಗೆ ಈ ಮಡಿಸಿದ ಕಾಗದ ಪರಿಚಯ ಇಲ್ಲದೇ ಇರಬಹುದು, ಅದಕ್ಕೆ ಸ್ವಲ್ಪ ಮುಂಚೆ ಹೋಗಿ. ಸಾಧ್ಯವಾದರೆ ಬೆಂಗಳೂರಿನಿಂದ ಫ್ರಾಂಕ್‌ಫರ್ಟಿಗೋ ಮ್ಯೂನಿಕ್‌ಗೋ ನೇರ ವಿಮಾನ ಹಿಡಿಯಿರಿ. ಬೇರೆ ದೇಶದಲ್ಲಿ ಇಳಿದು ಹತ್ತಿದರೆ ಅಲ್ಲಿ ಮತ್ತೊಮ್ಮೆ ಇದೇ ವಿವರಣೆ ಕೊಡಬೇಕು. ಕಾರ್ಡೂ ಮುಗಿದಿದೆ, ಈ ಕಾಗದವೂ ಬಂದಿಲ್ಲ ಅಂದರೆ ದಯವಿಟ್ಟು ಹೊರಡಬೇಡಿ, ಎಷ್ಟೇ ಹತ್ತಿರದವರ ಮದುವೆ ಇದ್ದರೂ.

ಇನ್ನು ಕಾಗದಗಳು. ಊರಿಂದ ಊರಿಗೆ ಪಟ್ಟಿ ಸ್ವಲ್ಪ ಬೇರೆ, ನಿಮ್ಮ ಆಫೀಸಿನ ಪಟ್ಟಿಯೇ ಕೊನೆಯ ಮಾತು. ಸಾಮಾನ್ಯವಾಗಿ ಕೇಳುವುದು ಇಷ್ಟು: ಇಬ್ಬರ ಪಾಸ್‌ಪೋರ್ಟ್ ಮತ್ತು ಕಾರ್ಡ್, ಕೆಲಸ ಮಾಡುವವರ ಕೊನೆಯ ಮೂರು ತಿಂಗಳ ಸಂಬಳದ ಸ್ಲಿಪ್, ಕೆಲಸ ಇನ್ನೂ ಇದೆ ಅಂತ ಕಂಪನಿಯ ಪತ್ರ, ಬಾಡಿಗೆ ಕರಾರು, ಅನ್ಮೆಲ್ಡುಂಗ್ ಕಾಗದ (ವಿಳಾಸ ರಿಜಿಸ್ಟರ್ ಮಾಡಿಸಿದ್ದಕ್ಕೆ ಕೊಡುವ ಪತ್ರ), ಹೆಲ್ತ್ ಇನ್ಶೂರೆನ್ಸಿನ ಸರ್ಟಿಫಿಕೇಟ್. ಇನ್ಶೂರೆನ್ಸ್ ಕಾರ್ಡಿನ ಜೆರಾಕ್ಸ್ ನಡೆಯುವುದಿಲ್ಲ. ಟಿಕೆ, ಎಒಕೆ ತರಹದ ಪಬ್ಲಿಕ್ ಇನ್ಶೂರೆನ್ಸ್ ಇದ್ದರೆ ಅವರ ಆ್ಯಪಿನಲ್ಲಿ ಕೇಳಿ, ನಿಮ್ಮ ಹೆಸರಿರುವ ಪತ್ರವೇ ಬೇಕು ಅಂತ ಹೇಳಿ. ಹಿಂದಿನ ಸಲ ಇಂಟಿಗ್ರೇಷನ್ ಕೋರ್ಸ್ ಮಾಡಲೇಬೇಕು ಅಂತ ಪತ್ರ ಕೊಟ್ಟಿದ್ದರೆ, ಮುಗಿಸಿದ ಅಥವಾ ನಡೆಯುತ್ತಿರುವ ಸರ್ಟಿಫಿಕೇಟ್ ಹಚ್ಚಿ. 600 ಗಂಟೆ ಭಾಷೆ, 100 ಗಂಟೆ ದೇಶದ ಪರಿಚಯದ ಕೋರ್ಸ್ ಅದು. ಚಿಕ್ಕ ಮಗು ಇತ್ತು, ಸೀಟು ಸಿಗಲಿಲ್ಲ ಅನ್ನುವ ಕಾರಣಗಳಿದ್ದರೆ ಅದನ್ನೂ ಬರೆದು ದಾಖಲೆ ಇಡಿ, ಸುಮ್ನೆ ಬಿಡಬೇಡಿ.

ಫೋಟೋ ವಿಷಯ ಬದಲಾಗಿದೆ. 2025ರ ಮೇ 1ರಿಂದ ಡಿಜಿಟಲ್ ಫೋಟೋ ಪದ್ಧತಿ ಬಂದಿದೆ. ಮಾನ್ಯತೆ ಇರುವ ಸ್ಟುಡಿಯೋದಲ್ಲಿ ತೆಗೆಸಿದರೆ ಒಂದು ಕೋಡ್ ಕೊಡುತ್ತಾರೆ, ಆಫೀಸಿನವರು ಅದನ್ನು ಸ್ಕ್ಯಾನ್ ಮಾಡುತ್ತಾರೆ. ಆಫೀಸಿನಲ್ಲೇ ಯಂತ್ರ ಇದ್ದರೆ 6 ಯೂರೋಗೆ ಅಲ್ಲೇ ಆಗುತ್ತದೆ. ಪರ್ಮಿಟ್ಟಿನ ಫೀಸು, ಮೂರು ತಿಂಗಳಿಗಿಂತ ಜಾಸ್ತಿ ಅವಧಿಗೆ ಮುಂದುವರಿಸಿದರೆ 93 ಯೂರೋ, ಮಕ್ಕಳಿಗೆ ಅದರ ಅರ್ಧ. ಮನೆಯ ಪ್ರತಿಯೊಬ್ಬರಿಗೂ ಬೇರೆ ಬೇರೆ ಅರ್ಜಿ. ಗಂಡನ ಅರ್ಜಿ ಹೋಯಿತು ಅಂದರೆ ಹೆಂಡತಿಯದೂ ಮಕ್ಕಳದೂ ಹೋಯಿತು ಅಂತಲ್ಲ.

ನಮ್ಮವರಿಗೇ ಬರುವ ಒಂದು ತೊಡಕಿದೆ. ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಕಾಲಂ ಖಾಲಿ, ಅಥವಾ ಅಪ್ಪನ ಹೆಸರೋ ಊರಿನ ಹೆಸರೋ ಇನಿಷಿಯಲ್ಲಿನಲ್ಲಿ. ಮದುವೆ ಸರ್ಟಿಫಿಕೇಟಿನಲ್ಲಿ ಒಂದು ತರ, ಇನ್ಶೂರೆನ್ಸಿನಲ್ಲಿ ಇನ್ನೊಂದು ತರ, ಬಾಡಿಗೆ ಕರಾರಿನಲ್ಲಿ ಮತ್ತೊಂದು. ಜರ್ಮನ್ ಆಫೀಸಿನವರು ಇದನ್ನು ನೋಡಿ ಇವರು ಒಬ್ಬರೇನಾ ಅಂತ ಕೇಳುತ್ತಾರೆ. ಎಲ್ಲ ಕಡೆ ಪಾಸ್‌ಪೋರ್ಟಿನಲ್ಲಿ ಇರುವ ಹಾಗೇ ಬರೆಸಿ, ಹಳೆಯದನ್ನೂ ತಿದ್ದಿಸಿ. ಮದುವೆ ಸರ್ಟಿಫಿಕೇಟ್ ಕನ್ನಡದಲ್ಲಿದ್ದರೆ ಪ್ರಮಾಣವಚನ ಪಡೆದ ಅನುವಾದಕರಿಂದ ಮಾಡಿಸಿದ ಜರ್ಮನ್ ಅನುವಾದ ಒಂದು ಫೈಲಿನಲ್ಲಿ ಸದಾ ಇರಲಿ.

ಪಾಸ್‌ಪೋರ್ಟ್ ಇನ್ನೂ ದೊಡ್ಡ ವಿಷಯ. ಪಾಸ್‌ಪೋರ್ಟ್ ಮುಗಿಯುವ ದಿನಕ್ಕಿಂತ ಮುಂದಕ್ಕೆ ಪರ್ಮಿಟ್ ಕೊಡುವುದಿಲ್ಲ. ನಿಮ್ಮ ಪಾಸ್‌ಪೋರ್ಟಿನಲ್ಲಿ ಎಂಟು ತಿಂಗಳು ಉಳಿದಿದ್ದರೆ ಕಾರ್ಡೂ ಎಂಟೇ ತಿಂಗಳು, ಆಮೇಲೆ ಮತ್ತೆ ಫೀಸು, ಮತ್ತೆ ಟೆರ್ಮೀನ್. ಚಿಕ್ಕ ಮಕ್ಕಳ ಭಾರತೀಯ ಪಾಸ್‌ಪೋರ್ಟ್ ಐದೇ ವರ್ಷದ್ದು, ಅದಕ್ಕೇ ಅಪ್ಪ ಅಮ್ಮನ ಕಾರ್ಡ್ ಸರಿಯಿದ್ದು ಮಗುವಿನದು ಮಾತ್ರ ಬೇಗ ಮುಗಿದಿರುತ್ತದೆ. ಒಂದು ವರ್ಷದೊಳಗೆ ಮುಗಿಯುವ ಪಾಸ್‌ಪೋರ್ಟಾದರೆ ಮೊದಲು ಅದನ್ನೇ ಮಾಡಿಸಿ. ಹೊಸ ಪಾಸ್‌ಪೋರ್ಟ್ ಬರುವುದು ತಡವಾಗಿ ಕಾರ್ಡಿನ ದಿನ ಹತ್ತಿರ ಬಂದರೆ ಪರ್ಮಿಟ್ ಅರ್ಜಿಯನ್ನು ಹಳೆಯ ಪಾಸ್‌ಪೋರ್ಟಿನಲ್ಲೇ ಹಾಕಿಬಿಡಿ, ಹೊಸದು ಆಮೇಲೆ ಕೊಡುತ್ತೇನೆ ಅಂತ ಬರೆಯಿರಿ.

ಬಾಣಂತನಕ್ಕೆ ತವರಿಗೆ ಹೋಗುವವರು ಇದನ್ನು ಗಮನವಿಟ್ಟು ಓದಿ. ಜರ್ಮನಿಯಿಂದ ಹೊರಗೆ ಆರು ತಿಂಗಳು ದಾಟಿದರೆ ಸಾಮಾನ್ಯ ಪರ್ಮಿಟ್ ತಾನಾಗಿ ರದ್ದಾಗುತ್ತದೆ, ಕಾರ್ಡಿನ ಮೇಲೆ ಇನ್ನೂ ಎರಡು ವರ್ಷ ಇದ್ದರೂ ಅಷ್ಟೇ. ಬ್ಲೂ ಕಾರ್ಡ್ (ಹೆಚ್ಚು ಕೌಶಲ್ಯದ ಕೆಲಸದವರಿಗೆ ಕೊಡುವ ಪರ್ಮಿಟ್) ಇರುವವರ ಹೆಂಡತಿ, ಗಂಡ, ಮಕ್ಕಳಿಗೆ ಈ ಮಿತಿ ಹನ್ನೆರಡು ತಿಂಗಳು. ಏಳನೇ ತಿಂಗಳಲ್ಲಿ ಹೋಗಿ, ಹೆರಿಗೆಯಾಗಿ, ಮಗುವಿಗೆ ಮೂರು ನಾಲ್ಕು ತಿಂಗಳಾದ ಮೇಲೆ ಬರೋಣ ಅಂದರೆ ಆರು ತಿಂಗಳು ಹೇಗೆ ಕಳೆಯಿತು ಅಂತ ಗೊತ್ತೇ ಆಗುವುದಿಲ್ಲ. ಜಾಸ್ತಿ ದಿನ ಬೇಕು ಅನ್ನಿಸಿದರೆ ಹೋಗುವ ಮುಂಚೆ ಆಫೀಸಿಗೆ ಬರೆದು ಹೆಚ್ಚಿನ ಅವಧಿ ಕೇಳಿ, ಉತ್ತರ ಕಾಗದದಲ್ಲಿ ತೆಗೆದುಕೊಳ್ಳಿ. ಭಾರತದಲ್ಲಿ ಹುಟ್ಟಿದ ಮಗುವಿಗೆ ಇಲ್ಲಿಗೆ ಬರಲು ಅದರದೇ ಪಾಸ್‌ಪೋರ್ಟ್, ಅದರದೇ ವೀಸಾ ಬೇಕು. ನಮ್ಮ ಕಡೆಯವರು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಮೂಲಕ ಮಾಡಿಸಬೇಕು, ಆ ಸಮಯವನ್ನೂ ಆರು ತಿಂಗಳ ಲೆಕ್ಕದಲ್ಲಿ ಸೇರಿಸಿಕೊಳ್ಳಿ.

ಊರು ಬದಲಾಯಿಸಿದರೆ ಎರಡು ವಾರದೊಳಗೆ ಹೊಸ ವಿಳಾಸ ರಿಜಿಸ್ಟರ್ ಮಾಡಿಸಬೇಕು. ನಿಮ್ಮ ಫೈಲು ಹಳೆಯ ಊರಿನ ಆಫೀಸಿನಿಂದ ಹೊಸ ಊರಿನ ಆಫೀಸಿಗೆ ಬರಬೇಕು, ಅದಕ್ಕೆ ವಾರಗಟ್ಟಲೆ ಹಿಡಿಯುತ್ತದೆ. ಅರ್ಜಿ ಹಾಕಿದ ಮೇಲೆ ಮನೆ ಬದಲಾಯಿಸಿದರೆ ಎರಡೂ ಆಫೀಸಿಗೆ ತಿಳಿಸಿ.

ಈಗ ಎಲ್ಲರೂ ಹೆದರುತ್ತಿರುವ ವಿಷಯ, ಲೇಆಫ್. ನಿಮ್ಮವರ ಕೆಲಸ ಹೋದರೆ ನಿಮ್ಮ ಪರ್ಮಿಟ್ ಅವತ್ತೇ ಸಾಯುವುದಿಲ್ಲ. ಅವರು ಕೆಲಸ ಮುಗಿದದ್ದನ್ನು ಎರಡು ವಾರದೊಳಗೆ ಆಫೀಸಿಗೆ ತಿಳಿಸಬೇಕು, ಮುಚ್ಚಿಡುವುದು ಬೇಡ. ಗಂಡ ಹೆಂಡತಿ ಒಟ್ಟಿಗೆ ಬಾಳುತ್ತಿರುವ ತನಕ, ಸಂಬಳ ಅಥವಾ ಮನೆಯ ಅಳತೆ ಸಾಲದಿದ್ದರೂ ಸಂಗಾತಿಯ ಪರ್ಮಿಟ್ ಮುಂದುವರಿಸಲು ಆಫೀಸಿಗೆ 30ನೇ ಸೆಕ್ಷನ್ನಿನಲ್ಲಿ ಅವಕಾಶ ಇದೆ. ಕೊಡಲೇಬೇಕು ಅಂತಿಲ್ಲ, ಕೊಡಬಹುದು ಅಂತಿದೆ. ಅದಕ್ಕೇ ಅರ್ಜಿಯ ಜೊತೆ ಕೆಲಸ ಹುಡುಕುತ್ತಿರುವ ದಾಖಲೆ, ಬ್ಯಾಂಕಿನ ಉಳಿತಾಯ, ನಿಮ್ಮ ಸಂಪಾದನೆ ಇದ್ದರೆ ಅದು, ಎಲ್ಲ ಇಡಿ. ಸಂಬಳದಿಂದ ಕಟ್ಟಿದ್ದ ವಿಮೆಯಿಂದ ಬರುವ ನಿರುದ್ಯೋಗ ಭತ್ಯೆ, ಮಕ್ಕಳಿಗೆ ಸರ್ಕಾರ ಕೊಡುವ ಭತ್ಯೆ ಕಿಂಡರ್‌ಗೆಲ್ಡ್, ಮಗು ನೋಡಿಕೊಳ್ಳುವ ಅಪ್ಪ ಅಮ್ಮನಿಗೆ ಕೊಡುವ ಎಲ್ಟರ್ನ್‌ಗೆಲ್ಡ್ ತೆಗೆದುಕೊಂಡರೆ ಪರ್ಮಿಟ್ಟಿಗೆ ತೊಂದರೆ ಇಲ್ಲ. ಇನ್ನೊಂದು ಮಾತು, ಫ್ಯಾಮಿಲಿ ಪರ್ಮಿಟ್ಟಿನಲ್ಲಿ ನೀವು ಯಾವ ಕೆಲಸವನ್ನಾದರೂ ಮಾಡಬಹುದು. ನಿಮ್ಮ ಡಿಗ್ರಿಗೆ ಹೊಂದುವ ಕೆಲಸ ಸಿಕ್ಕರೆ ನಿಮ್ಮದೇ ಬ್ಲೂ ಕಾರ್ಡಿಗೋ ವರ್ಕ್ ಪರ್ಮಿಟ್ಟಿಗೋ ಬದಲಾಯಿಸಿಕೊಳ್ಳಿ. ಮನೆಯಲ್ಲಿ ಇಬ್ಬರಿಗೂ ಸ್ವಂತ ಪರ್ಮಿಟ್ ಇದ್ದರೆ ಒಬ್ಬರ ಕೆಲಸ ಹೋದಾಗ ಮನೆ ಅಲುಗಾಡುವುದಿಲ್ಲ.

ಇದನ್ನು ಯಾರೂ ಕೂತು ಹೇಳುವುದಿಲ್ಲ, ಆದರೆ ಹೇಳಲೇಬೇಕು. ಮನೆಯಲ್ಲಿ ಹೊಡೆತ ಬೈಗುಳ ಇದೆ, ಬಿಟ್ಟು ಹೋದರೆ ವೀಸಾ ಕ್ಯಾನ್ಸಲ್ ಮಾಡಿಸಿ ಊರಿಗೆ ಕಳಿಸುತ್ತೇನೆ ಅಂತ ಹೆದರಿಸುತ್ತಿದ್ದರೆ, ಹಾಗೆ ಕ್ಯಾನ್ಸಲ್ ಮಾಡುವ ಅಧಿಕಾರ ನಿಮ್ಮ ಸಂಗಾತಿಗೆ ಇಲ್ಲ. ಇಲ್ಲಿ ಮೂರು ವರ್ಷ ಒಟ್ಟಿಗೆ ಬಾಳಿದ್ದರೆ, ಬೇರೆಯಾದ ಮೇಲೆ 31ನೇ ಸೆಕ್ಷನ್ನಿನಲ್ಲಿ ನಿಮಗೆ ಒಂದು ವರ್ಷದ ಸ್ವತಂತ್ರ ಪರ್ಮಿಟ್ ಸಿಗುತ್ತದೆ. ಮನೆಯಲ್ಲಿ ಹಿಂಸೆ ಇದ್ದರೆ ಮೂರು ವರ್ಷ ಆಗಲೇಬೇಕು ಅಂತಿಲ್ಲ. ಹಿಂಸೆಗೆ ಒಳಗಾದ ಮಹಿಳೆಯರ ಸಹಾಯವಾಣಿ 116 016 ನಂಬರಿಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಫೋನ್ ಮಾಡಬಹುದು, ಇಂಗ್ಲಿಷಿನಲ್ಲೂ ಮಾತಾಡುತ್ತಾರೆ. ಪಾಸ್‌ಪೋರ್ಟ್, ಕಾರ್ಡ್, ಮದುವೆ ಸರ್ಟಿಫಿಕೇಟಿನ ಫೋಟೋ ನಿಮ್ಮದೇ ಇಮೇಲಿನಲ್ಲಿ ಇರಲಿ.

ಅರ್ಜಿ ಹಾಕಿ ತಿಂಗಳುಗಳಾದರೂ ಉತ್ತರವೇ ಇಲ್ಲದಿದ್ದರೆ ಮೊದಲು ಇಮೇಲಿನಲ್ಲಿ ನೆನಪಿಸಿ, ಪ್ರತಿ ಸಲವೂ ಅರ್ಜಿಯ ದಿನಾಂಕ ಬರೆಯಿರಿ. ಮೂರು ತಿಂಗಳು ದಾಟಿದರೆ, ಸರಿಯಾದ ಕಾರಣವಿಲ್ಲದೆ ತೀರ್ಮಾನ ಕೊಡದ ಆಫೀಸಿನ ಮೇಲೆ ಆಡಳಿತ ಕೋರ್ಟಿಗೆ ಹೋಗುವ ದಾರಿ ಕಾನೂನಿನಲ್ಲಿದೆ. ವಕೀಲರ ಒಂದು ಪತ್ರಕ್ಕೇ ಫೈಲು ಅಲುಗಾಡುವುದೂ ಉಂಟು.

ಟೆರ್ಮೀನ್ ದಿನ ಬೆರಳಚ್ಚು ಕೊಡಬೇಕು, ಆರು ವರ್ಷ ತುಂಬಿದ ಮಕ್ಕಳೂ ಕೊಡಬೇಕು. ಕೆಲವು ಕಡೆ ಇಬ್ಬರೂ ಬಂದು, ಒಟ್ಟಿಗೆ ಬಾಳುತ್ತಿದ್ದೇವೆ ಅಂತ ಸಹಿ ಹಾಕಬೇಕು, ಆದ್ದರಿಂದ ಮನೆಯವರಿಗೂ ರಜೆ ಹಾಕಲು ಹೇಳಿ. ಕಾರ್ಡ್ ಅಚ್ಚಾಗಿ ಬರಲು ಕೆಲವು ವಾರ ಬೇಕು. ಕೈಗೆ ಬಂದಾಗ ಹೆಸರಿನ ಅಕ್ಷರ, ಕೊನೆಯ ದಿನಾಂಕ, ಕೆಲಸಕ್ಕೆ ಅನುಮತಿ ಅನ್ನುವ ಸಾಲು, ಈ ಮೂರನ್ನೂ ಕೌಂಟರಿನಲ್ಲೇ ಓದಿ. ಆಮೇಲೆ ಕಾರ್ಡಿನ ಎರಡೂ ಬದಿಯ ಸ್ಕ್ಯಾನನ್ನು ಎಚ್‌ಆರ್‌ಗೂ ಇನ್ಶೂರೆನ್ಸಿನವರಿಗೂ ಬ್ಯಾಂಕಿಗೂ ಕಳಿಸಿ.