ಬೀದರ್‌ನಿಂದ ಚಾಮರಾಜನಗರ: ಹೆಂಡತಿಯ ಸೈಕಲ್‌ಗೆ ನನ್ನ ಮೊಪೆಡ್ ಜೊತೆ

ಎಂಟುನೂರು ಚಿಲ್ಲರೆ ಕಿಲೋಮೀಟರ್, ಏಳು ದಿನ. ತುಳಿದವಳು ನನ್ನ ಹೆಂಡತಿ. ನೀರು, ಊಟ, ಚಕ್ರ ಹೊತ್ತವನು ನಾನು, ಟಿವಿಎಸ್ ಎಕ್ಸೆಲ್ ಮೇಲೆ. ಹೊರಡುವ ಮುಂಚೆ ನಮ್ಮ ಮೈಸೂರಿನ ಸೈಕಲ್ ಗೆಳೆಯರೆಲ್ಲ ಒಂದೇ ಮಾತು ಹೇಳಿದ್ದರು: ಕಾರಿಲ್ಲದೆ ಇದು ಆಗುವುದಿಲ್ಲ. ಆಯಿತು. ಹೇಗೆ ಆಯಿತೆಂದು ಈಗ ಬರೆಯುತ್ತಿದ್ದೇನೆ.

ಹಿಂದಿನ ವರ್ಷದ ಜನವರಿಯಲ್ಲಿ ಅವರ ಮಾತು ಕೇಳಿಯೇ ಬಾಡಿಗೆ ಕಾರು ತೆಗೆದುಕೊಂಡಿದ್ದೆವು. ಚಾಮರಾಜನಗರದಿಂದ ಉತ್ತರಕ್ಕೆ. ನಾನು ನಲವತ್ತು ಐವತ್ತು ಮೀಟರ್ ಹಿಂದೆ, ಎರಡನೇ ಗೇರಿನಲ್ಲಿ, ದೀಪ ಮಿನುಗಿಸುತ್ತಾ. ಲಾರಿಗಳವರು ಬೈದರು. ಇವಳಿಗೋ ಇಡೀ ದಿನ ಬೆನ್ನ ಹಿಂದೆ ಎಂಜಿನ್ ಸದ್ದು. ಹುಳಿಯಾರಿನ ಹತ್ತಿರ ರಸ್ತೆಗೆ ಒಣಹಾಕಿದ್ದ ಹುರುಳಿ ಬಳ್ಳಿ ಸೈಕಲ್‌ನ ಹಿಂದಿನ ಗೇರಿಗೆ ಸುತ್ತಿಕೊಂಡು ಹ್ಯಾಂಗರ್, ಅಂದರೆ ಗೇರನ್ನು ಚೌಕಟ್ಟಿಗೆ ಹಿಡಿದಿಡುವ ಲೋಹದ ತುಂಡು, ಮುರಿಯಿತು. ಹಿಂದಿದ್ದ ನನಗೆ ಬಳ್ಳಿ ಕಂಡದ್ದೇ ಅವಳು ಬಿದ್ದ ಮೇಲೆ. ಹ್ಯಾಂಗರ್ ಆರುನೂರು ರೂಪಾಯಿಯದ್ದು. ಅದನ್ನು ತರಿಸಿಕೊಳ್ಳಲು ಒಂದು ದಿನ ಹೋಯಿತು. ಬಳ್ಳಾರಿ ದಾಟಿದ ಮೇಲೆ ಈಶಾನ್ಯದ ಎದುರುಗಾಳಿ. ಸಿಂಧನೂರಿನಲ್ಲಿ ನಿಲ್ಲಿಸಿದೆವು. ಕಾರಿನ ಕ್ಲಚ್ ಸುಟ್ಟಿದೆಯೆಂದು ಮಾಲೀಕರು ಮುಂಗಡ ಹಣ ಹಿಡಿದುಕೊಂಡರು. ಒಟ್ಟು ಇಪ್ಪತ್ತೆರಡು ಸಾವಿರ ನೀರಿಗೆ ಹಾಕಿದಂತಾಯಿತು.

ಆಗಲೇ ನಾನು ತೀರ್ಮಾನಿಸಿದೆ: ಜೊತೆಗಾರ ಮುಂದಿರಬೇಕು. ಮುಂದೆ ಹೋದವನಿಗೆ ರಸ್ತೆ ಕಾಣುತ್ತದೆ.

ಈ ಜನವರಿಯಲ್ಲಿ ಬೀದರ್‌ನಿಂದ ಹೊರಟೆವು, ಗಾಳಿ ಬೆನ್ನಿಗೆ. ಮೊಪೆಡ್ಡನ್ನು ಟ್ಯಾಂಕ್ ಖಾಲಿ ಮಾಡಿ ರೈಲಿನ ಪಾರ್ಸೆಲ್‌ನಲ್ಲಿ ಕಳುಹಿಸಿದ್ದೆ; ಎರಡೂವರೆ ಸಾವಿರದ ಆಸುಪಾಸು ಬಿತ್ತು. ಹಿಂದಿನ ಸೀಟು ಬಿಚ್ಚಿ ಅಲ್ಲಿ ಪೆಟ್ಟಿಗೆ, ಕಾಲಿಡುವ ಜಾಗದಲ್ಲಿ ನೀರಿನ ಕ್ಯಾನ್, ಪಕ್ಕಕ್ಕೆ ಸೈಕಲ್‌ಗೆಂದು ಹೆಚ್ಚುವರಿಯಾಗಿ ಒಂದು ಹಿಂದಿನ ಚಕ್ರ. ಈ ಸಲ ಹ್ಯಾಂಗರ್ ಎರಡಿದ್ದವು.

ಮೊದಲ ದಿನ ಇಪ್ಪತ್ತೈದು ಕಿಲೋಮೀಟರ್ ಮುಂದೆ ಹೋಗಿ ಕಾದೆ. ತಪ್ಪು. ಹುಮನಾಬಾದ್ ದಾಟಿದ ಮೇಲೆ ನೀರು ಮುಗಿದು, ಬಂದವಳು, “ರೀ, ಇಷ್ಟು ದೂರ ಹೋದರೆ ನೀವು ಇದ್ದೂ ಇಲ್ಲದಂತೆ” ಎಂದಳು. ಮರುದಿನದಿಂದ ಅದನ್ನು ಹನ್ನೆರಡು ಕಿಲೋಮೀಟರಿಗೆ ಇಳಿಸಿದೆ, ಮಧ್ಯಾಹ್ನದ ಹೊತ್ತು ಎಂಟು ಕಿಲೋಮೀಟರಿಗೆ. ಊರೊಳಗೆ ನಿಲ್ಲುತ್ತಿರಲಿಲ್ಲ, ನಾಯಿಗಳ ಕಾಟ. ಏರು ಮುಗಿದ ಕಡೆ, ಎಡಬದಿಗೆ, ಮರದ ನೆರಳಲ್ಲಿ. “ಸಾಕಾ?” ಎಂದು ಒಮ್ಮೆಯೂ ಕೇಳಲಿಲ್ಲ, “ಏನು ಕೊಡಲಿ?” ಎಂದಷ್ಟೇ ಕೇಳುತ್ತಿದ್ದೆ. ಈ ಒಂದು ಮಾತಿನ ಬದಲಾವಣೆ ನಮ್ಮನ್ನು ಮುಟ್ಟಿಸಿತು ಎಂದರೆ ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. ಅವಳು ಸೋಲಲಿದ್ದಾಳೆ ಎಂದು ಅರ್ಧ ಗಂಟೆ ಮುಂಚೆಯೇ ತಿಳಿಯುವ ಗುರುತೂ ನನಗೆ ಸಿಕ್ಕಿತು. ಅದು ನಮ್ಮಿಬ್ಬರ ನಡುವೆಯೇ ಇರಲಿ.

ತಿಂಥಣಿಯಲ್ಲಿ ಕೃಷ್ಣೆ ದಾಟುವವರೆಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೊಸರು ಚೆನ್ನಾಗಿಯೇ ನಡೆಯಿತು. ಮೂರನೇ ದಿನ ಖಾರ ಅವಳ ಹೊಟ್ಟೆಗೆ ಆಗಲಿಲ್ಲ. ಅಲ್ಲಿಂದ ಮೊಸರವಲಕ್ಕಿ, ಬಾಳೆಹಣ್ಣು, ಶೇಂಗಾ ಚಿಕ್ಕಿ. ನೀರಿಗೆ ಸಕ್ಕರೆ, ಉಪ್ಪು, ನಿಂಬೆ ಎಲ್ಲರೂ ಹಾಕುತ್ತಾರೆ. ನಾನು ನಾಲ್ಕನೆಯದೊಂದನ್ನು ಸೇರಿಸುತ್ತೇನೆ, ಹೇಳುವುದಿಲ್ಲ.

ನೀರು ತಂಪಾಗಿಡಲು ಐಸ್ ಪೆಟ್ಟಿಗೆ ನೋಡಿದೆ, ಭಾರ ಹೆಚ್ಚು, ಸಂಜೆಗೆ ಬಿಸಿ. ಬಾಟಲಿಗೆ ಒದ್ದೆ ಗೋಣಿ ಸುತ್ತಿ ಹ್ಯಾಂಡಲ್‌ಗೆ ಕಟ್ಟಿದೆ. ಮೊಪೆಡ್ ಓಡುವ ಗಾಳಿಗೆ ಮಡಕೆ ನೀರಿನಷ್ಟು ತಂಪು! ಒದ್ದೆ ಹತ್ತಿ ಬಟ್ಟೆಯಲ್ಲೂ ಪ್ರಯತ್ನಿಸಿದೆ, ಬೇಗ ಒಣಗುತ್ತದೆ. ಗೋಣಿಯೇ ಸರಿ.

ಸಿರುಗುಪ್ಪದಿಂದ ಬಳ್ಳಾರಿಯ ನಡುವೆ ಒಂದೇ ಬೆಳಿಗ್ಗೆ ಮೂರು ಪಂಕ್ಚರ್. ಬಳ್ಳಾರಿ ಜಾಲಿಯ ಮುಳ್ಳು, ಮೂರೂ ಸಲ ಅವಳು ನನಗಾಗಿ ರಸ್ತೆ ಬದಿಗೆ ಇಳಿದಾಗಲೇ. ಅಂದರೆ ನಾನು ನಿಂತ ಜಾಗದ ತಪ್ಪು. ಬಳ್ಳಾರಿಯಲ್ಲಿ ಐವತ್ತು ರೂಪಾಯಿಗೆ ಪೊರಕೆ ಕೊಂಡೆ. ಆಮೇಲೆ ನಿಂತಲ್ಲೆಲ್ಲ ನಾಲ್ಕು ಮಾರು ಗುಡಿಸಿ, ಕಣ್ಣಿಟ್ಟು ನೋಡಿ, ನಂತರವೇ ಅವಳನ್ನು ಇಳಿಸಿಕೊಳ್ಳುತ್ತಿದ್ದೆ. ಚಾಮರಾಜನಗರದವರೆಗೆ ಮತ್ತೆ ಒಂದೂ ಪಂಕ್ಚರ್ ಆಗಲಿಲ್ಲ.

ಹುಳಿಯಾರಿನಿಂದ ಚಿಕ್ಕನಾಯಕನಹಳ್ಳಿಯವರೆಗೆ ಮತ್ತೆ ಅದೇ ಹುರುಳಿ, ಜೊತೆಗೆ ರಾಗಿ. ಈ ಸಲ ನಾನು ಮೊದಲು ಕಂಡೆ. ಮೊಪೆಡ್ ನಿಲ್ಲಿಸಿ ಕೆಂಪು ಬಟ್ಟೆ ಬೀಸಿದೆ, ಅವಳು ಇಳಿದು ಸೈಕಲ್ ಎತ್ತಿಕೊಂಡು ದಾಟಿದಳು. ಒಕ್ಕಣೆ ಮಾಡುತ್ತಿದ್ದ ಅಜ್ಜಿಯೊಬ್ಬರು, “ನಿಧಾನ ಕಣವ್ವ” ಎನ್ನುತ್ತಾ ತಾವೇ ಬಳ್ಳಿ ಸರಿಸಿದರು. ಒಂಬತ್ತು ಕಡೆ ಹೀಗೆ. ಪಾಂಡವಪುರದ ಸುತ್ತ ಕಬ್ಬಿನ ಟ್ರ್ಯಾಕ್ಟರ್‌ಗಳ ಹಿಂದೆ ದೀಪವಿರುವುದಿಲ್ಲವಾದ್ದರಿಂದ ಕತ್ತಲಾಗುವ ಮುಂಚೆಯೇ ಸವಾರಿ ನಿಲ್ಲಿಸಿದೆವು.

ಖರ್ಚು? ಪೆಟ್ರೋಲ್ ಸುಮಾರು ಎರಡು ಸಾವಿರ, ವಸತಿ ಐದೂವರೆ, ಊಟ ಮೂರು, ಪಾರ್ಸೆಲ್ ಸೇರಿಸಿದರೆ ಹದಿಮೂರು ಸಾವಿರದ ಹತ್ತಿರ. ಮೊಪೆಡ್ ಕೇಳಿದ್ದು ಒಂದು ಸಲ ಪ್ಲಗ್ ಉಜ್ಜುವುದನ್ನು ಮಾತ್ರ. ಕಾರು ಬೇಕೆಂದಿದ್ದವರಲ್ಲಿ ಇಬ್ಬರು ಈಗ ಹಳೆಯ ಎಕ್ಸೆಲ್ ಹುಡುಕುತ್ತಿದ್ದಾರೆ.

ಡಿಸೆಂಬರ್‌ಗೆ ಮುಳಬಾಗಿಲಿನಿಂದ ಕಾರವಾರ ಎಂದು ಅವಳು ಹೇಳಿದ್ದಾಳೆ. ಅರಬೈಲ್ ಘಟ್ಟದ ಇಳಿಜಾರಿಗಾಗಿ ಮೊಪೆಡ್‌ನ ಬ್ರೇಕ್ ಶೂ ಎರಡೂ ಬದಲಾಯಿಸಿದ್ದೇನೆ. ಪೊರಕೆ ಪೆಟ್ಟಿಗೆಯಲ್ಲೇ ಇದೆ.